ರ್ಯಾಮ್ ನಿಜವಾಗಿ ಸಾಲುತ್ತಿಲ್ಲವಾ? ಮೆಮೊರಿ ಲೆಕ್ಕ ಓದುವುದರಿಂದ ಸ್ಟಿಕ್ ಜೋಡಿಸುವವರೆಗೆ

ಕಂಪ್ಯೂಟರ್ ನಿಧಾನವಾಯಿತು ಅಂದರೆ ಸಾಕು, "ರ್ಯಾಮ್ ಜಾಸ್ತಿ ಮಾಡಿಸಿ" ಅನ್ನುವ ಸಲಹೆ ನಾಲ್ಕು ಕಡೆಯಿಂದ ಬರುತ್ತದೆ. ಎಷ್ಟೋ ಸಲ ಅದು ಸರಿಯಾದ ಸಲಹೆಯೇ. ಆದರೆ ದುಡ್ಡು ಬಿಚ್ಚುವ ಮೊದಲು ಎರಡು ವಿಷಯ ಗೊತ್ತಿರಬೇಕು. ಇರುವ ರ್ಯಾಮ್ (ಓಡುತ್ತಿರುವ ಪ್ರೋಗ್ರಾಂಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ನಿಜಕ್ಕೂ ಸಾಲುತ್ತಿಲ್ಲವೇ? ಇರುವ ಸ್ಟಿಕ್‌ಗಳು, ಅಂದರೆ ರ್ಯಾಮ್ ಚಿಪ್‌ಗಳಿರುವ ಪಟ್ಟಿಗಳು, ಬೋರ್ಡಿನ ಸರಿಯಾದ ಸ್ಲಾಟ್‌ನಲ್ಲಿ ಕೂತು, ತಮ್ಮ ಪೂರ್ತಿ ವೇಗದಲ್ಲಿ ಓಡುತ್ತಿವೆಯೇ? ಎರಡನೇ ಪ್ರಶ್ನೆಯನ್ನು ಕೇಳುವವರು ಕಡಿಮೆ. 16 ಜಿಬಿ ಇದ್ದೂ ಅದರ ಅರ್ಧ ವೇಗವನ್ನಷ್ಟೇ ಬಳಸುವ ಕಂಪ್ಯೂಟರ್‌ಗಳು ಬೇಕಾದಷ್ಟಿವೆ.

ಹಂತ 1: ಶೇಕಡಾ ಲೆಕ್ಕ ಬಿಟ್ಟು ಬೇರೆ ಅಂಕಿಗಳನ್ನು ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ 'ಮೆಮೊರಿ' ಆರಿಸಿ. ಹೆಚ್ಚಿನವರು ಇಲ್ಲಿ ನೋಡುವುದು ಒಂದೇ ಒಂದು ಅಂಕಿ, ಶೇಕಡಾ ಎಷ್ಟು ತುಂಬಿದೆ ಅಂತ. 60 ಅಂತ ಕಂಡರೆ ಗಾಬರಿ. ಅಷ್ಟಕ್ಕೆಲ್ಲ ಗಾಬರಿ ಬೇಡ. ಖಾಲಿ ಬಿದ್ದಿರುವ ರ್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ಹಾಗಾಗಿ ಜಾಗ ಇದ್ದಷ್ಟೂ ಬಳಸಿಕೊಳ್ಳುವಂತೆಯೇ ಈಗಿನ ಆಪರೇಟಿಂಗ್ ಸಿಸ್ಟಂಗಳನ್ನು ಬರೆದಿದ್ದಾರೆ. 8 ಜಿಬಿ ಇದ್ದಾಗ 4 ತಿನ್ನುತ್ತಿದ್ದ ಅದೇ ವಿಂಡೋಸ್, 32 ಜಿಬಿ ಕೊಟ್ಟರೆ ಇನ್ನೂ ಜಾಸ್ತಿ ತಿನ್ನುತ್ತದೆ.

ಕೆಳಗೆ ಒಂದು ಅಡ್ಡಪಟ್ಟಿ ಇದೆಯಲ್ಲ, ಅದರ ಮೇಲೆ ಮೌಸ್ ಒಯ್ದರೆ ನಾಲ್ಕು ಭಾಗಗಳ ವಿವರ ಸಿಗುತ್ತದೆ. 'ಇನ್ ಯೂಸ್' ಅಂದರೆ ಈಗ ಪ್ರೋಗ್ರಾಂಗಳ ಕೈಯಲ್ಲಿರುವುದು. 'ಮಾಡಿಫೈಡ್' ಅಂದರೆ ಡಿಸ್ಕಿಗೆ ಬರೆದ ಮೇಲಷ್ಟೇ ಬಿಡಬಹುದಾದ ಭಾಗ. 'ಸ್ಟ್ಯಾಂಡ್‌ಬೈ' ಅಂದರೆ ಮತ್ತೆ ಬೇಕಾದೀತು ಅಂತ ಉಳಿಸಿಕೊಂಡ ಹಳೆಯ ಫೈಲು, ಪ್ರೋಗ್ರಾಂಗಳ ತುಣುಕುಗಳು. ಬೇರೆ ಯಾರಾದರೂ ಜಾಗ ಕೇಳಿದರೆ ಅದನ್ನು ತಕ್ಷಣ ಬಿಟ್ಟುಕೊಡುತ್ತದೆ. 'ಫ್ರೀ' ಅಂದರೆ ಪೂರ್ತಿ ಖಾಲಿ. ಇದು ಸೊನ್ನೆಯ ಹತ್ತಿರ ಇದ್ದರೂ ಚಿಂತೆಯಿಲ್ಲ. ಸ್ಟ್ಯಾಂಡ್‌ಬೈ ಮತ್ತು ಫ್ರೀ ಸೇರಿದರೆ 'ಅವೈಲಬಲ್'. ನೋಡಬೇಕಾದ್ದು ಅದನ್ನು.

ಇನ್ನೊಂದು ಅಂಕಿಯನ್ನು ತುಂಬಾ ಜನ ಕಡೆಗಣಿಸುತ್ತಾರೆ. ಅದು 'ಕಮಿಟೆಡ್'. 14.2/18.9 ಅನ್ನುವ ರೀತಿಯಲ್ಲಿ ಕಾಣುತ್ತದೆ. ಪ್ರೋಗ್ರಾಂಗಳು ಈವರೆಗೆ "ಇಷ್ಟು ನನಗೆ ಬೇಕು" ಅಂತ ಕಾದಿರಿಸಿಕೊಂಡ ಒಟ್ಟು ಮೆಮೊರಿ ಮೊದಲ ಅಂಕಿ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಕೂತಿರಲಿ ಬಿಡಲಿ, ಲೆಕ್ಕಕ್ಕೆ ಸೇರುತ್ತದೆ. ಎರಡನೆಯದು ಮಿತಿ. ರ್ಯಾಮ್ ಮತ್ತು ಡಿಸ್ಕಿನಲ್ಲಿರುವ ಪೇಜ್ ಫೈಲ್ (ರ್ಯಾಮ್‌ನಲ್ಲಿ ಹಿಡಿಸದ್ದನ್ನು ಇಡುವ ಫೈಲ್) ಎರಡೂ ಸೇರಿ ಆ ಮಿತಿ ಆಗುತ್ತದೆ. ಮೊದಲ ಅಂಕಿ ಎರಡನೆಯದನ್ನು ಮುಟ್ಟಿತು ಅಂದರೆ, ರ್ಯಾಮ್‌ನಲ್ಲಿ ಜಾಗ ಕಾಣುತ್ತಿದ್ದರೂ "ಮೆಮೊರಿ ಸಾಲದು" ಅನ್ನುವ ಸಂದೇಶ ಬರುತ್ತದೆ, ಪ್ರೋಗ್ರಾಂಗಳು ಪಟ್ಟನೆ ಮುಚ್ಚಿಕೊಳ್ಳುತ್ತವೆ. ಪೇಜ್ ಫೈಲ್ ಆಫ್ ಮಾಡಿದರೆ ವೇಗ ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದನ್ನು ತೆಗೆದರೆ ಈ ಮಿತಿಯೇ ಕೆಳಗಿಳಿಯುತ್ತದೆ.

'ಇನ್ ಯೂಸ್' ಪಕ್ಕದ ಆವರಣದಲ್ಲಿ 'ಕಂಪ್ರೆಸ್ಡ್' ಅಂತ ಒಂದು ಅಂಕಿ ಇರುತ್ತದೆ. ವಿಂಡೋಸ್ 10ರಿಂದ ಬಂದ ಸೌಲಭ್ಯ ಇದು. ಸದ್ಯಕ್ಕೆ ಮುಟ್ಟದ ಪುಟಗಳನ್ನು (ಮೆಮೊರಿಯ ಚಿಕ್ಕ ತುಂಡುಗಳಿಗೆ ಹೀಗೆ ಹೆಸರು) ಡಿಸ್ಕಿಗೆ ತಳ್ಳುವ ಬದಲು ರ್ಯಾಮ್‌ನಲ್ಲೇ ಒತ್ತಿ ಚಿಕ್ಕದಾಗಿಸಿ ಇಡುತ್ತದೆ. ಸ್ವಲ್ಪ ಇದ್ದರೆ ಸಹಜ. ಕೆಲಸ ಮಾಡುವಾಗಲೆಲ್ಲ ಒಂದೆರಡು ಜಿಬಿ ಮೀರಿಯೇ ಇದ್ದರೆ ಇಕ್ಕಟ್ಟು ಶುರುವಾಗಿದೆ ಅಂತಲೇ ಅರ್ಥ.

ಇಕ್ಕಟ್ಟಿನ ಗಟ್ಟಿ ಸಾಕ್ಷಿ ಬೇಕೇ? ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ ತೆರೆಯಿರಿ. ಮೆಮೊರಿ ವಿಭಾಗದಲ್ಲಿ 'ಹಾರ್ಡ್ ಫಾಲ್ಟ್ಸ್' ಗ್ರಾಫ್ ಇದೆ. ಹೆಸರು ಕೇಳಿದರೆ ಏನೋ ಕೆಟ್ಟುಹೋದಂತಿದೆ, ಆದರೆ ಅದು ದೋಷವಲ್ಲ. ಬೇಕಾದ ಪುಟ ರ್ಯಾಮ್‌ನಲ್ಲಿ ಇರಲಿಲ್ಲ, ಡಿಸ್ಕಿನಿಂದ ತರಬೇಕಾಯಿತು ಎಂದಷ್ಟೇ. ಹೊಸ ಪ್ರೋಗ್ರಾಂ ತೆರೆದಾಗ ಗ್ರಾಫ್ ಒಮ್ಮೆ ಜಿಗಿದು ಇಳಿಯುವುದು ಮಾಮೂಲಿ. ಸುಮ್ನೆ ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದರೂ ಸೆಕೆಂಡಿಗೆ ನೂರಾರು ಬಾರಿ, ನಿಲ್ಲದೆ ಆಗುತ್ತಿದ್ದರೆ ರ್ಯಾಮ್ ಸಾಲುತ್ತಿಲ್ಲ. ಯಾಕೆ ಇಷ್ಟು ನಿಧಾನವಾಗುತ್ತದೆ ಅಂದರೆ, ರ್ಯಾಮ್ ಉತ್ತರ ಕೊಡಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟಿನ ಆಸುಪಾಸು ಹೊತ್ತು ಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಲಕ್ಷ ಪಟ್ಟು ಹತ್ತಿರ.

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ 'ಫ್ರೀ' ಆಜ್ಞೆ ಕೊಟ್ಟು 'ಅವೈಲಬಲ್' ಕಾಲಂ ನೋಡಬೇಕು, 'ಫ್ರೀ' ಕಾಲಂ ಅಲ್ಲ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ತೆರೆದು 'ಮೆಮೊರಿ ಪ್ರೆಷರ್' ಗ್ರಾಫ್‌ನ ಬಣ್ಣ ನೋಡಿದರೆ ಸಾಕು. ಹಸಿರು ಇದ್ದರೆ ಆರಾಮ. ಹಳದಿ, ಕೆಂಪು ಪದೇ ಪದೇ ಬರುತ್ತಿದ್ದರೆ ಇಕ್ಕಟ್ಟು. ನನಗೆ ಕೇಳಿದರೆ ವಿಂಡೋಸ್ ಕೂಡ ಶೇಕಡಾ ಬದಲು ಇಂಥದ್ದೇ ಒಂದು ಬಣ್ಣ ತೋರಿಸಬೇಕಿತ್ತು.

ಹಂತ 2: ತಿನ್ನುತ್ತಿರುವುದು ಯಾರು?

ಟಾಸ್ಕ್ ಮ್ಯಾನೇಜರ್‌ನ 'ಪ್ರೊಸೆಸಸ್' ಪಟ್ಟಿಯಲ್ಲಿ ಮೆಮೊರಿ ಕಾಲಂ ಮೇಲೆ ಕ್ಲಿಕ್ ಮಾಡಿ. ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ. ಸಾಮಾನ್ಯವಾಗಿ ಮೊದಲ ಸ್ಥಾನ ಬ್ರೌಸರ್‌ಗೆ. ಟ್ಯಾಬ್, ಎಕ್ಸ್‌ಟೆನ್ಶನ್‌ಗಳು ಹೆಚ್ಚಾಗಿ ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ಓಡುತ್ತವೆ. ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಅಂತ ಮಾಡಿದ ವ್ಯವಸ್ಥೆ. ಅದರ ಖರ್ಚು ಮೆಮೊರಿಯಲ್ಲಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಒಂದೇ ಪ್ರೋಗ್ರಾಂ ಬೆಳಿಗ್ಗೆ 400 ಎಂಬಿ, ಸಂಜೆ ಏನೂ ಮಾಡದಿದ್ದರೂ 3 ಜಿಬಿ ಆಗಿದ್ದರೆ ಅದು ಲೀಕ್. ತೆಗೆದುಕೊಂಡ ಮೆಮೊರಿಯನ್ನು ಹಿಂದಿರುಗಿಸುತ್ತಿಲ್ಲ. ಇಂಥ ಕಡೆ ಎಷ್ಟು ರ್ಯಾಮ್ ಹಾಕಿದರೂ ಪ್ರಯೋಜನವಿಲ್ಲ, ತುಂಬಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ. ಆ ಪ್ರೋಗ್ರಾಂ ಅಪ್‌ಡೇಟ್ ಮಾಡಿ, ಇಲ್ಲವೇ ಬಿಡಿ.

ಪಟ್ಟಿಯಲ್ಲಿರುವ ಎಲ್ಲವನ್ನೂ ಕೂಡಿದರೂ 'ಇನ್ ಯೂಸ್' ಅಂಕಿಗೆ ತಾಳೆಯಾಗದಿದ್ದರೆ 'ನಾನ್-ಪೇಜ್ಡ್ ಪೂಲ್' ನೋಡಿ, ಅಂದರೆ ವಿಂಡೋಸ್‌ನ ಒಳಭಾಗ ಹಿಡಿದಿಟ್ಟುಕೊಂಡ, ಡಿಸ್ಕಿಗೆ ತಳ್ಳಲಾಗದ ಮೆಮೊರಿ. ಸಾಮಾನ್ಯವಾಗಿ ಇದು ಕೆಲವು ನೂರು ಎಂಬಿ ಒಳಗಿರುತ್ತದೆ. ಹಲವು ಜಿಬಿ ಆಗಿದ್ದರೆ ಯಾವುದೋ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂ) ಲೀಕ್ ಮಾಡುತ್ತಿದೆ. ಹೆಚ್ಚಿನ ವಿವರಕ್ಕೆ ಮೈಕ್ರೋಸಾಫ್ಟ್‌ನ ರ್ಯಾಮ್‌ಮ್ಯಾಪ್ ಅನ್ನುವ ಉಚಿತ ಸಲಕರಣೆ ಇದೆ. ಇಲ್ಲೊಂದು ಮಾತು: 'ಶಟ್ ಡೌನ್' ಮಾಡಿ ಮತ್ತೆ ಆನ್ ಮಾಡಿದರೆ ಡ್ರೈವರ್ ಲೀಕ್ ಹೋಗದಿರಬಹುದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್ ತನ್ನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. 'ರೀಸ್ಟಾರ್ಟ್' ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರು.

ರ್ಯಾಮ್ ಕ್ಲೀನ್ ಮಾಡುತ್ತೇವೆ ಅನ್ನುವ ಆ್ಯಪ್‌ಗಳ ಗೋಜಿಗೆ ಹೋಗಲೇಬೇಡಿ. ಅವು ಬಳಕೆಯಲ್ಲಿರುವ ಪುಟಗಳನ್ನು ಹೊರಗೆ ತಳ್ಳಿ ಅಂಕಿ ಕಡಿಮೆ ತೋರಿಸುತ್ತವೆ. ಮರುಕ್ಷಣ ಅದೇ ಪುಟಗಳು ಮತ್ತೆ ಬೇಕಾಗುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಅತಿ ಹೆಚ್ಚು ಕೆಲಸದ ದಿನ ಏನೇನು ತೆರೆದಿಟ್ಟಿರುತ್ತೀರೋ ಅದೆಲ್ಲವನ್ನೂ ತೆರೆದು ಅಳೆಯಿರಿ. ಅವೈಲಬಲ್ ಒಂದು ಜಿಬಿಗಿಂತ ಕೆಳಗಿಳಿದು, ಹಾರ್ಡ್ ಫಾಲ್ಟ್ ನಿಲ್ಲದೆ ಬರುತ್ತಿದ್ದರೆ ರ್ಯಾಮ್ ಬೇಕು. ನನ್ನ ಅಂದಾಜು ಹೀಗೆ: ಬ್ರೌಸಿಂಗ್, ಬರವಣಿಗೆಗೆ 8 ಜಿಬಿ ಈಗ ಬಿಗಿ. ಹೆಚ್ಚಿನ ಜನರಿಗೆ 16 ಸರಿ. ವಿಡಿಯೋ ಎಡಿಟಿಂಗ್, ವರ್ಚುವಲ್ ಮಷಿನ್, ದೊಡ್ಡ ಸಾಫ್ಟ್‌ವೇರ್ ಕೆಲಸ ಇದ್ದವರು 32ಕ್ಕೆ ಹೋಗುವುದು ಒಳ್ಳೆಯದು. ಅದಕ್ಕಿಂತ ಮೇಲೆ ಬೇಕಾದವರಿಗೆ ತಮಗೆ ಯಾಕೆ ಬೇಕು ಅಂತ ಗೊತ್ತೇ ಇರುತ್ತದೆ.

ಹಂತ 3: ಒಳಗೆ ಏನಿದೆ ಅಂತ ಬಿಚ್ಚದೆ ತಿಳಿಯಿರಿ

ಅದೇ ಮೆಮೊರಿ ಪುಟದ ಕೆಳಗೆ ವೇಗ, 'ಸ್ಲಾಟ್ಸ್ ಯೂಸ್ಡ್', 'ಫಾರ್ಮ್ ಫ್ಯಾಕ್ಟರ್' ಮೂರೂ ಇವೆ. '1 ಆಫ್ 2' ಅಂತಿದ್ದರೆ ಒಂದು ಸ್ಲಾಟ್ ಖಾಲಿ ಇದೆ. ಫಾರ್ಮ್ ಫ್ಯಾಕ್ಟರ್ 'ಡಿಮ್' ಆದರೆ ಡೆಸ್ಕ್‌ಟಾಪ್ ಸ್ಟಿಕ್, 'ಸೋಡಿಮ್' ಆದರೆ ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್. 'ರೋ ಆಫ್ ಚಿಪ್ಸ್' ಅಂತ ಕಂಡರೆ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಹೀಗಿರುವುದು ಜಾಸ್ತಿ. ಅಂಥವುಗಳಲ್ಲಿ ಕೆಲವು ಸಲ ಚಿಪ್‌ಗಳನ್ನೇ ಸ್ಲಾಟ್ ಅಂತ ಎಣಿಸಿ ತೋರಿಸುತ್ತದೆ, ನಂಬಿ ಸ್ಟಿಕ್ ತರಬೇಡಿ. ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಪುಟದಲ್ಲಿ ಖಚಿತ ಮಾಡಿಕೊಳ್ಳಿ.

ಇನ್ನಷ್ಟು ಆಳಕ್ಕೆ ಸಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಸಾಕು. ಅದರ ಮೆಮೊರಿ ಪುಟದಲ್ಲಿ ಚಾನೆಲ್ ಎಷ್ಟು, ಈಗಿನ ವೇಗ ಎಷ್ಟು ಅಂತ ಇರುತ್ತದೆ. ಎಸ್‌ಪಿಡಿ (ಸ್ಟಿಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಮಾಹಿತಿ) ಪುಟದಲ್ಲಿ ಒಂದೊಂದು ಸ್ಲಾಟ್‌ನಲ್ಲಿ ಯಾವ ಸ್ಟಿಕ್ ಇದೆ, ಅದರ ಪಾರ್ಟ್ ನಂಬರ್ ಏನು ಅಂತ ಸಿಗುತ್ತದೆ. 3200 ಅಂತ ಕೊಂಡ ಸ್ಟಿಕ್ ಇಲ್ಲಿ 1600 ಮೆಗಾಹರ್ಟ್ಸ್ ಅಂತ ಕಂಡರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಈಗಿನ ರ್ಯಾಮ್‌ನ ಬಗೆಯಾದ ಡಿಡಿಆರ್ ಮೆಮೊರಿ ಒಂದು ಗಡಿಯಾರದ ಬಡಿತಕ್ಕೆ ಎರಡು ಬಾರಿ ದತ್ತಾಂಶ ಕಳಿಸುತ್ತದೆ. 1600ರ ಎರಡು ಪಟ್ಟು 3200. ಪೊಟ್ಟಣದ ಮೇಲಿನ ಅಂಕಿ ನಿಜವಾಗಿ ಮೆಗಾಹರ್ಟ್ಸ್ ಅಲ್ಲ, ಸೆಕೆಂಡಿಗೆ ಎಷ್ಟು ಮಿಲಿಯನ್ ವರ್ಗಾವಣೆ ಅನ್ನುವ ಲೆಕ್ಕ. ಲಿನಕ್ಸ್‌ನವರಿಗೆ 'ಡಿಎಂಐಡಿಕೋಡ್' ಆಜ್ಞೆ ಇದೆ.

ಹಂತ 4: ಚಾನೆಲ್ ಲೆಕ್ಕ

ಇಲ್ಲಿಯೇ ಹೆಚ್ಚಿನವರು ಎಡವುವುದು. ಪ್ರೊಸೆಸರ್ ಮತ್ತು ರ್ಯಾಮ್ ನಡುವೆ ಇರುವ ದಾರಿಗೆ ಚಾನೆಲ್ ಅನ್ನುತ್ತಾರೆ. ಒಂದು ಚಾನೆಲ್ ಒಮ್ಮೆಗೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಡಿಡಿಆರ್4-3200 (ನಾಲ್ಕನೇ ತಲೆಮಾರಿನ ಡಿಡಿಆರ್, 3200 ವೇಗ) ಸ್ಟಿಕ್ ಆದರೆ 3200 ಮಿಲಿಯನ್ ಗುಣಿಸು 8, ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್ ಬಳಸಿದರೆ 51.2. ಮನೆ, ಕಚೇರಿಯ ಬಹುತೇಕ ಪ್ರೊಸೆಸರ್‌ಗಳಲ್ಲಿ ಎರಡು ಚಾನೆಲ್ ಇರುತ್ತವೆ. 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಸುಮ್ನೆ ಖಾಲಿ ಬಿದ್ದಿರುತ್ತದೆ. 8 ಜಿಬಿಯ ಎರಡು ಹಾಕಿದರೆ ಎರಡೂ ಓಡುತ್ತವೆ. ಒಟ್ಟು ಗಾತ್ರ ಅದೇ, ವೇಗದ ಮಿತಿ ಎರಡು ಪಟ್ಟು.

ವ್ಯತ್ಯಾಸ ಎಲ್ಲ ಕಡೆ ಕಾಣುತ್ತದೆಯೇ? ಇಲ್ಲ. ಮೇಲ್ ಓದುವಾಗ, ಪತ್ರ ಬರೆಯುವಾಗ ಗೊತ್ತೂ ಆಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ್ಯಾಮ್ ಹಂಚಿಕೊಳ್ಳುತ್ತದೆ. ಗೇಮ್ ಆಡುವವರಿಗೆ ಎರಡನೇ ಸ್ಟಿಕ್ ಅಂದರೆ ಹೆಚ್ಚುಕಡಿಮೆ ಹೊಸ ಕಂಪ್ಯೂಟರ್ ಇದ್ದಂತೆ. ಒಂದೇ 8 ಜಿಬಿ ಸ್ಟಿಕ್‌ನೊಂದಿಗೆ ಬರುವ ಲ್ಯಾಪ್‌ಟಾಪ್‌ಗೆ ಇನ್ನೊಂದು 8 ಸೇರಿಸುವುದಕ್ಕಿಂತ ಲಾಭದ ಅಪ್‌ಗ್ರೇಡ್ ಕಡಿಮೆ.

8 ಮತ್ತು 16 ಸೇರಿಸಬಹುದಾ? ಸೇರಿಸಬಹುದು. ಬಹುತೇಕ ಕಂಪ್ಯೂಟರ್‌ಗಳು 16ರಲ್ಲಿ 8ನ್ನು ಆ ಕಡೆಯ 8ರ ಜೊತೆ ಜೋಡಿ ಮಾಡಿ ಎರಡು ಚಾನೆಲ್‌ನಲ್ಲಿ ಓಡಿಸುತ್ತವೆ. ಉಳಿದ 8 ಒಂದು ಚಾನೆಲ್‌ನಲ್ಲಿ ಓಡುತ್ತದೆ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಅನ್ನುತ್ತದೆ. 16 ಸಾಲದೆ ಒದ್ದಾಡುತ್ತಿದ್ದರೆ ಸಮ ಜೋಡಿಯ 16ಕ್ಕಿಂತ ಅಸಮ ಜೋಡಿಯ 24 ಎಷ್ಟೋ ವಾಸಿ. ಗಾತ್ರ ಸಾಲದಾಗ ಡಿಸ್ಕಿಗೆ ಓಡಬೇಕಾದ ನಷ್ಟದ ಮುಂದೆ ಚಾನೆಲ್ ನಷ್ಟ ಏನೂ ಅಲ್ಲ.

ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡೇ ಸ್ಟಿಕ್ ಇದ್ದರೆ ಎಲ್ಲಿ ಹಾಕಬೇಕು? ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಅವಕ್ಕೆ ಎ2, ಬಿ2 ಅನ್ನುವ ಹೆಸರು. ಮೊದಲೆರಡು ಸ್ಲಾಟ್ ಒಂದೇ ಚಾನೆಲ್‌ಗೆ ಸೇರಿದ್ದು, ಅಕ್ಕಪಕ್ಕ ಹಾಕಿದರೆ ಎರಡನೇ ಚಾನೆಲ್ ಖಾಲಿಯೇ ಉಳಿಯುತ್ತದೆ. ಎ1, ಬಿ1 ಯಾಕಾಗಬಾರದು ಅಂದರೆ, ಈಗಿನ ಬೋರ್ಡ್‌ಗಳಲ್ಲಿ ತಂತಿ ಒಂದು ಸ್ಲಾಟ್ ಹಾದು ಕೊನೆಯ ಸ್ಲಾಟ್ ತಲುಪುತ್ತದೆ. ಕೊನೆಯದು ಖಾಲಿ ಇದ್ದರೆ ಸಂಕೇತ ಅಲ್ಲಿಗೆ ಬಡಿದು ಹಿಂದಕ್ಕೆ ಬರುತ್ತದೆ, ಹೆಚ್ಚಿನ ವೇಗದಲ್ಲಿ ತೊಂದರೆ ಕೊಡುತ್ತದೆ. ಬೋರ್ಡ್‌ನ ಕೈಪಿಡಿಯಲ್ಲಿ ಇದರ ಚಿತ್ರ ಇದ್ದೇ ಇರುತ್ತದೆ, ಅದೇ ಕೊನೆಯ ಮಾತು.

ನಾಲ್ಕು ಸ್ಟಿಕ್ ಹಾಕಿದರೆ ನಾಲ್ಕು ಚಾನೆಲ್ ಆಗುವುದಿಲ್ಲ. ಪ್ರತಿ ಚಾನೆಲ್‌ಗೆ ಎರಡೆರಡು ಸ್ಟಿಕ್ ಆಗುತ್ತದೆ, ಅಷ್ಟೇ. ಹೊರೆ ಜಾಸ್ತಿಯಾಗಿ ವೇಗ ಇಳಿಯಬಹುದು. ಡಿಡಿಆರ್5ರಲ್ಲಿ ಇದು ಜೋರಾಗಿ ಕಾಣುತ್ತದೆ. ಎಎಂಡಿ ರೈಜನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ ಅಧಿಕೃತ ವೇಗ 5200, ನಾಲ್ಕಕ್ಕೆ 3600. ಹಾಗಾಗಿ 64 ಜಿಬಿ ಬೇಕಿದ್ದರೆ 16ರ ನಾಲ್ಕಕ್ಕಿಂತ 32ರ ಎರಡು ಕೊಳ್ಳಿ. ಡಿಡಿಆರ್5ರಲ್ಲಿ ಇನ್ನೊಂದು ಗೊಂದಲವಿದೆ. ಒಂದೊಂದು ಸ್ಟಿಕ್ ಒಳಗೇ 32 ಬಿಟ್‌ನ ಎರಡು ಉಪಚಾನೆಲ್ ಇರುತ್ತವೆ. ಸಿಪಿಯು-ಝಡ್‌ನಲ್ಲಿ 32 ಬಿಟ್‌ನ ಎರಡು ಕಂಡರೆ ಅದು ಒಂದೇ ಚಾನೆಲ್. ನಾಲ್ಕು ಕಂಡರೆ ಮಾತ್ರ ಡ್ಯುಯಲ್, ಅಂದರೆ ಎರಡು ಚಾನೆಲ್.

ಹಂತ 5: ಲೇಬಲ್ ಓದಿ, ಆಮೇಲೆ ಕೊಳ್ಳಿ

ಮೊದಲು ತಲೆಮಾರು. ಡಿಡಿಆರ್3, 4, 5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್4 ಮತ್ತು 5 ಎರಡಕ್ಕೂ 288 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಲ್ಯಾಪ್‌ಟಾಪ್‌ನಲ್ಲಿ ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್. ಸರ್ವರ್‌ಗಳಿಂದ ತೆಗೆದ 'ರಿಜಿಸ್ಟರ್ಡ್' ಸ್ಟಿಕ್‌ಗಳು ಕಡಿಮೆಗೆ ಸಿಗುತ್ತವೆ ಅಂತ ತಂದರೆ ಸಾಮಾನ್ಯ ಬೋರ್ಡ್‌ನಲ್ಲಿ ಓಡುವುದಿಲ್ಲ.

ಲೇಬಲ್ ಮೇಲೆ 1ಆರ್×8, 2ಆರ್×8 ಅಂತ ಇರುತ್ತದೆ. ಮೊದಲ ಅಂಕಿ ರ್ಯಾಂಕ್. ಸ್ಟಿಕ್ ಒಳಗೆ 64 ಬಿಟ್ ಅಗಲದ ಚಿಪ್ ಗುಂಪುಗಳು ಎಷ್ಟಿವೆ ಅನ್ನುವುದು. ಎರಡನೆಯದು ಒಂದೊಂದು ಚಿಪ್‌ನ ಅಗಲ. 1ಆರ್×16 ಅಂತಿರುವ ಡಿಡಿಆರ್4 ಸ್ಟಿಕ್‌ನಲ್ಲಿ ನಾಲ್ಕೇ ಚಿಪ್ ಇರುತ್ತವೆ. ಅಂಥ ಚಿಪ್‌ನಲ್ಲಿ ಬ್ಯಾಂಕ್ ಗುಂಪುಗಳು (ಚಿಪ್ ಒಳಗೆ ಒಟ್ಟೊಟ್ಟಿಗೆ ಕೆಲಸ ಮಾಡಬಲ್ಲ ವಿಭಾಗಗಳು) ಅರ್ಧ, ಹಾಗಾಗಿ ಸ್ವಲ್ಪ ಹಿಂದೆ ಬೀಳುತ್ತದೆ. ಆಯ್ಕೆ ಇದ್ದರೆ ×8 ತೆಗೆದುಕೊಳ್ಳಿ.

ಸಿಎಲ್ ಅಂಕಿ (ಕೇಳಿದ ದತ್ತಾಂಶ ಕೊಡಲು ಸ್ಟಿಕ್ ಎಷ್ಟು ಬಡಿತ ಕಾಯಿಸುತ್ತದೆ ಅನ್ನುವುದು) ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವುದು ಅರ್ಧ ನಿಜ. ಅದನ್ನು ವೇಗದ ಜೊತೆಗೇ ನೋಡಬೇಕು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. 3200 ವೇಗದ ಸಿಎಲ್16 ಅಂದರೆ 10. 6000 ವೇಗದ ಸಿಎಲ್30 ಅಂದರೂ 10. 3200ರ ಸಿಎಲ್22 ಮಾತ್ರ 13.75.

ಬೇರೆ ಬೇರೆ ಕಂಪನಿಯ ಸ್ಟಿಕ್ ಸೇರಿಸಿದರೆ ಸಾಮಾನ್ಯವಾಗಿ ಓಡುತ್ತವೆ, ಆದರೆ ಎಲ್ಲವೂ ನಿಧಾನದ ಸ್ಟಿಕ್‌ನ ವೇಗಕ್ಕೆ ಇಳಿಯುತ್ತವೆ. ಹೊಸದಾಗಿ ಕೊಳ್ಳುವುದಾದರೆ ಒಂದೇ ಪೊಟ್ಟಣದ ಜೋಡಿ ಕೊಳ್ಳುವುದೇ ನೆಮ್ಮದಿ.

ಹಂತ 6: ಕೂರಿಸುವುದು

ಕಂಪ್ಯೂಟರ್ ಶಟ್ ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ. ಕೇಸ್‌ನ ಲೋಹದ ಭಾಗ ಮುಟ್ಟಿ, ಆಮೇಲೆ ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ. ಚಿನ್ನದ ಬಣ್ಣದ ಪಿನ್ ಮುಟ್ಟಬೇಡಿ.

ಡೆಸ್ಕ್‌ಟಾಪ್‌ನಲ್ಲಿ ಕ್ಲಿಪ್ ತೆರೆದು, ಕಚ್ಚು ಹೊಂದಿಸಿ, ಎರಡೂ ತುದಿಗೆ ಒಂದೇ ಸಮ ಒತ್ತಿ. ಕಟಕ್ ಅಂತ ಸದ್ದು ಬರಬೇಕು. ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ, ಇನ್ನೊಂದು ತುದಿ ಅರ್ಧ ಕೂತು ಮೋಸ ಮಾಡುವುದು ಅಲ್ಲೇ. ಲ್ಯಾಪ್‌ಟಾಪ್‌ನಲ್ಲಿ ಸ್ಟಿಕ್ಕನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ಹಿಡಿದುಕೊಳ್ಳುತ್ತದೆ.

ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ತಕ್ಷಣ ಆಫ್ ಮಾಡಬೇಡಿ. ಹೊಸ ರ್ಯಾಮ್ ಕಂಡಾಗ ಬೋರ್ಡ್ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಡಿಡಿಆರ್5ರಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಕಾದರೂ ಬರದಿದ್ದರೆ ತೆಗೆದು ಮತ್ತೆ ಕೂರಿಸಿ. ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿ. ತಪ್ಪು ಸ್ಟಿಕ್‌ನದೋ ಸ್ಲಾಟ್‌ನದೋ ತಿಳಿಯುತ್ತದೆ.

ಹಂತ 7: ವೇಗ ಆನ್ ಮಾಡಿ, ಪರೀಕ್ಷಿಸಿ

3600ರ ಕಿಟ್ ತಂದರೂ ಅದು 2133ರಲ್ಲೋ 2666ರಲ್ಲೋ ಓಡುತ್ತಿರಬಹುದು. ಕಾರಣ, ಬೋರ್ಡ್ ಮೊದಲಿಗೆ ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಸುರಕ್ಷಿತ ಮಟ್ಟವನ್ನಷ್ಟೇ ಬಳಸುತ್ತದೆ. ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ, ಅಂದರೆ ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್, ಆನ್ ಮಾಡಬೇಕು. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಇದರ ಹೆಸರು ಎಕ್ಸ್‌ಪೋ. ಒಂದು ಗುಂಡಿಯ ಕೆಲಸ, ಆದರೂ ವರ್ಷಗಟ್ಟಲೆ ಇದನ್ನು ಮುಟ್ಟದೆ ಬಿಟ್ಟಿರುವವರು ತುಂಬಾ ಜನ. ಕಟ್ಟುನಿಟ್ಟಾಗಿ ನೋಡಿದರೆ ಇದು ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ವೇಗ ಮೀರಿ ಓಡಿಸುವುದು. ಕಂಪ್ಯೂಟರ್ ಆಗಾಗ ನಿಂತರೆ ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಸಿ.

ಹೊಸ ಸ್ಟಿಕ್‌ಗೆ ಪರೀಕ್ಷೆ ತಪ್ಪಿಸಬೇಡಿ. ವಿಂಡೋಸ್‌ನ ಮೆಮೊರಿ ಡಯಾಗ್ನಾಸ್ಟಿಕ್ ಬೇಗ ಮುಗಿಯುತ್ತದೆ, ಆದರೆ ನನ್ನ ಒಲವು ಮೆಮ್‌ಟೆಸ್ಟ್86+ ಕಡೆಗೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಹಾಗೇ ಬಿಡುವಂತಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಬಂದರೆ ವಾರಂಟಿ ಇರುವಾಗಲೇ ಬದಲಾಯಿಸಿಕೊಳ್ಳಿ.

16 ಹಾಕಿದರೆ 15.8 ಅಂತ ಕಾಣುವುದು ಸಹಜ, ಉಳಿದದ್ದು ಹಾರ್ಡ್‌ವೇರ್‌ಗೆ ಮೀಸಲು. ಒಳಗಿನ ಗ್ರಾಫಿಕ್ಸ್‌ಗೆ ಬಯೋಸ್‌ನಲ್ಲಿ ಜಾಸ್ತಿ ಕೊಟ್ಟಿದ್ದರೆ ಇನ್ನೂ ಕಡಿಮೆ ಕಾಣುತ್ತದೆ. ಅರ್ಧಕ್ಕರ್ಧ ಮಾಯವಾಗಿದ್ದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲ. ಹಳೆಯ 32 ಬಿಟ್ ವಿಂಡೋಸ್ ಆಗಿದ್ದರೆ ಎಷ್ಟು ಹಾಕಿದರೂ 4 ಜಿಬಿ ದಾಟುವುದಿಲ್ಲ.

ಕೊನೆಗೆ ಎರಡನೇ ಹಂತದಲ್ಲಿ ತೆರೆದಿಟ್ಟ ಅದೇ ಕೆಲಸವನ್ನು ಮತ್ತೆ ತೆರೆದು ಹಾರ್ಡ್ ಫಾಲ್ಟ್ ಗ್ರಾಫ್ ನೋಡಿ. ಗ್ರಾಫ್ ಮಲಗಿದ್ದರೆ ಕೆಲಸ ಆಯಿತು. ಗ್ರಾಫ್ ಮಲಗಿದ್ದೂ ಕಂಪ್ಯೂಟರ್ ನಿಧಾನವೇ ಆಗಿದ್ದರೆ ರ್ಯಾಮ್ ಬಿಟ್ಟುಬಿಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100ರಲ್ಲೇ ನಿಂತಿದೆಯಾ, ಪ್ರೊಸೆಸರ್ ಬಿಸಿಯಾಗಿ ವೇಗ ಇಳಿಸಿಕೊಂಡಿದೆಯಾ ಅಂತ ಹುಡುಕಲು ಶುರುಮಾಡಿ.